ಸಾಕುಪ್ರಾಣಿ ಅಂತ್ಯಸಂಸ್ಕಾರ

ಸಾಕುಪ್ರಾಣಿ ಅಂತ್ಯಸಂಸ್ಕಾರ ಎಂದರೆ ಮನೆಯಲ್ಲಿ ಸಾಕಿದ ನಾಯಿ, ಬೆಕ್ಕು, ಹಕ್ಕಿಗಳನ್ನೂ ದುಡಿಮೆಗೆಂದು ಕಟ್ಟಿಕೊಂಡ ಅಥವಾ ದೇವರ ಹೆಸರಿನಲ್ಲಿ ಬಿಟ್ಟ ದನ, ಕುದುರೆ, ಆನೆಗಳನ್ನೂ ಸತ್ತ ಬಳಿಕ ಮರ್ಯಾದೆಯಿಂದ ಹೂಳುವ ಇಲ್ಲವೆ ಸುಡುವ ಕ್ರಿಯೆ. ಇದಕ್ಕೆ ಮೀಸಲಿಟ್ಟ ನೆಲವನ್ನು ಪ್ರಾಣಿ ರುದ್ರಭೂಮಿ ಎಂದೂ ಸುಡುವ ಕುಲುಮೆ ಇರುವ ಸ್ಥಳವನ್ನು ಪ್ರಾಣಿ ಚಿತಾಗಾರ ಎಂದೂ ಕರೆಯುತ್ತಾರೆ. ಕರ್ನಾಟಕದ ಹಳ್ಳಿಗಳಲ್ಲಿ ಇದು ಇಂದಿಗೂ ಮನೆಯವರೇ ತಮ್ಮ ಹೊಲದ ಬದುವಿನಲ್ಲಿ ಮಾಡಿ ಮುಗಿಸುವ ಕೆಲಸ. ಸ್ವಂತ ನೆಲವಿಲ್ಲದ ನಗರವಾಸಿಗಳಿಗೆ ನಗರಾಡಳಿತ, ಪ್ರಾಣಿದಯಾ ಸಂಸ್ಥೆಗಳು ಮತ್ತು ಖಾಸಗಿ ಕುಟುಂಬಗಳು ಶುಲ್ಕ ಪಡೆದು ಮಾಡಿಕೊಡುತ್ತವೆ.

ಪರಿಭಾಷೆ

ಮನುಷ್ಯನ ಸತ್ತ ದೇಹಕ್ಕೆ ಶವ, ಹೆಣ ಎಂಬ ಮಾತುಗಳಿವೆ. ಪ್ರಾಣಿಯದಕ್ಕೆ ಕಳೇಬರ ಎಂಬುದು ಆಡಳಿತ ಮತ್ತು ಪಶುವೈದ್ಯದ ಮಾತು. ಹೂಳುವುದಕ್ಕೆ ಜನ ಸಾಮಾನ್ಯವಾಗಿ ‘ಮಣ್ಣು ಮಾಡುವುದು’ ಎನ್ನುತ್ತಾರೆ. ಈ ಮಾತನ್ನು ಮನುಷ್ಯರಿಗೂ ಸಾಕಿದ ಪ್ರಾಣಿಗೂ ಭೇದವಿಲ್ಲದೆ ಬಳಸುತ್ತಾರೆ ಎಂಬುದು ಗಮನಿಸಬೇಕಾದ ಸಂಗತಿ. ಬೀದಿಯಲ್ಲಿ ಸತ್ತ ಪ್ರಾಣಿಯನ್ನು ಸಾಗಿಸುವುದು ‘ವಿಲೇವಾರಿ’. ಮನೆಯ ಪ್ರಾಣಿಯ ವಿಷಯದಲ್ಲಿ ಆ ಪದ ಸಲ್ಲದು, ಏಕೆಂದರೆ ಅದರಲ್ಲಿ ಸಂಸ್ಕಾರದ ಅರ್ಥವಿಲ್ಲ. ದೇವರಿಗೆ ಬಿಟ್ಟ ಬಸವ ಸತ್ತರೆ ‘ಸತ್ತಿತು’ ಎನ್ನುವುದಿಲ್ಲ, ‘ಬಸವಪ್ಪ ಶಿವೈಕ್ಯನಾದ’ ಎನ್ನುತ್ತಾರೆ. ಅದನ್ನು ಹೂಳಿದ ಜಾಗ ಗದ್ದಿಗೆ ಅಥವಾ ಸಮಾಧಿ.

ಮೂಲ

ಪ್ರಾಣಿಯನ್ನು ಮನುಷ್ಯನಂತೆಯೇ ನೆಲಕ್ಕಿಡುವ ರೂಢಿ ಕೃಷಿಗಿಂತಲೂ ಹಳೆಯದು. ಜರ್ಮನಿಯ ಬಾನ್ ನಗರದ ಒಬರ್‌ಕಾಸೆಲ್‌ನಲ್ಲಿ ಸುಮಾರು 14,000 ವರ್ಷಗಳ ಹಿಂದೆ ಇಬ್ಬರು ಮನುಷ್ಯರ ಜೊತೆಗೆ ಹೂಳಿದ ನಾಯಿಯ ಮೂಳೆಗಳು ದೊರೆತಿವೆ. ಭಾರತದಲ್ಲಿ ಕಾಶ್ಮೀರದ ಬುರ್ಜಹೋಮ್‌ನ ನವಶಿಲಾಯುಗದ ನೆಲೆಯಲ್ಲಿ ಮನುಷ್ಯರ ಗುಳಿಗಳಲ್ಲೇ ನಾಯಿಗಳನ್ನೂ ಇಟ್ಟಿದ್ದರು. ಈಜಿಪ್ಟಿನ ಕೆಂಪು ಸಮುದ್ರದ ದಡದ ಬೆರೆನೀಕೆ ಬಂದರಿನಲ್ಲಿ ಕ್ರಿಸ್ತಶಕದ ಮೊದಲ ಎರಡು ಶತಮಾನಗಳ ಸುಮಾರು 600 ಪ್ರಾಣಿಗಳ ಗುಳಿಗಳು ಸಿಕ್ಕಿವೆ. ಅವುಗಳಲ್ಲಿ ಹೆಚ್ಚಿನವು ಬೆಕ್ಕುಗಳು. ಕೆಲವುಗಳ ಕೊರಳಲ್ಲಿ ಪಟ್ಟಿಯೂ ಇತ್ತು.

ಆತಕೂರಿನ ಕಲ್ಲು

ಕನ್ನಡ ನಾಡಿನಲ್ಲಿ ಸಾಕಿದ ಪ್ರಾಣಿಯ ನೆನಪಿಗೆ ನಿಲ್ಲಿಸಿದ ಕಲ್ಲುಗಳಲ್ಲಿ ಹೆಸರಾದದ್ದು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನದು. ಶಕ 872ರ, ಎಂದರೆ ಕ್ರಿ.ಶ. 949–50ರ ಈ ಶಾಸನವನ್ನು ಇತಿಹಾಸಕಾರರು ಮುಖ್ಯವಾಗಿ ತಕ್ಕೋಲಂ ಕಾಳಗದ ದಾಖಲೆಯೆಂದು ಓದುತ್ತಾರೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ನಿಂತ ಗಂಗರ ಇಮ್ಮಡಿ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ ಯುದ್ಧ ಅದು. ಆದರೆ ಕಲ್ಲು ನೆಟ್ಟದ್ದು ರಾಜರಿಗಾಗಿ ಅಲ್ಲ, ಕಾಳಿ ಎಂಬ ಬೇಟೆನಾಯಿಗಾಗಿ.

ಬೂತುಗನ ಆಳು ಮಣಲೆರ ಆ ಯುದ್ಧದಲ್ಲಿ ಮೆರೆದ. ದೊರೆ ಮೆಚ್ಚಿ ಏನು ಬೇಕೋ ಕೇಳು ಎಂದಾಗ ಮಣಲೆರ ಕೇಳಿಕೊಂಡದ್ದು ಈ ನಾಯಿಯನ್ನು. ಮುಂದೆ ಕೆಳಲೆ ನಾಡಿನ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ, ಎಂದರೆ ಕಲ್ಲುಗುಡ್ಡದಲ್ಲಿ, ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ನಾಯಿ, ಹಂದಿ ಎರಡೂ ಕಾದಾಡಿ ಒಟ್ಟಿಗೆ ಸತ್ತವು. ಆ ನಾಯಿಗಾಗಿ ಆತಕೂರಿನ ಚೆಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಡಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಬಿತ್ತುವಷ್ಟು ಭೂಮಿಯನ್ನು ದತ್ತಿ ಬಿಟ್ಟರು. ದತ್ತಿಯನ್ನು ಕೆಡಿಸಿದವನಿಗೆ ಆ ನಾಯಿಯ ಪಾಪ ತಟ್ಟಲಿ ಎಂಬ ಶಾಪವಿದೆ. ಗುಡಿಯ ಗೊರವ, ಎಂದರೆ ಶೈವ ಪೂಜಾರಿ, ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೂ ಅದೇ ಪಾಪ. ಕಲ್ಲಿನ ಮೇಲ್ಭಾಗದಲ್ಲಿ ನಾಯಿಯೂ ಹಂದಿಯೂ ಒಂದನ್ನೊಂದು ಇರಿದು ಹಿಡಿದಿರುವ ಉಬ್ಬುಶಿಲ್ಪವಿದೆ. ಈ ಶಿಲೆ ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಕಾಳಿಯನ್ನು ಹೂಳಿದರೋ ಸುಟ್ಟರೋ ಎಂಬುದನ್ನು ಶಾಸನ ಹೇಳುವುದಿಲ್ಲ. ಆದರೂ ಇಂದಿನ ಪ್ರಾಣಿ ರುದ್ರಭೂಮಿಗೆ ಬೇಕಾದ ಮೂರು ಅಂಶಗಳು ಅದರಲ್ಲಿವೆ: ಸತ್ತ ಪ್ರಾಣಿಯ ಹೆಸರು, ಗುರುತಿನ ಕಲ್ಲು, ಆ ಕಲ್ಲನ್ನು ನೋಡಿಕೊಳ್ಳಲು ಮುಂದಿನವರಿಗೂ ನಡೆಯುವಂಥ ಆದಾಯ. ಮೂರನೆಯದನ್ನು ಈಗಿನ ಎಷ್ಟೋ ರುದ್ರಭೂಮಿಗಳು ಇನ್ನೂ ಸರಿಯಾಗಿ ಏರ್ಪಾಟು ಮಾಡಿಕೊಂಡಿಲ್ಲವಾದ್ದರಿಂದ ಆತಕೂರಿನ ವ್ಯವಸ್ಥೆಗೆ ಕುತೂಹಲಕ್ಕಿಂತ ಹೆಚ್ಚಿನ ಬೆಲೆಯಿದೆ. ನೆರೆಯ ತಮಿಳುನಾಡಿನ ಎಡುತ್ತನೂರಿನಲ್ಲಿ ಪಲ್ಲವ ಮಹೇಂದ್ರವರ್ಮನ ಕಾಲದ ವೀರಗಲ್ಲೊಂದು ಸತ್ತ ವೀರನ ಪಕ್ಕದಲ್ಲೇ ಕೋವಿವನ್ ಎಂಬ ಅವನ ನಾಯಿಯನ್ನೂ ಕೆತ್ತಿ ಹೆಸರಿಸಿದೆ.

ಗ್ರಾಮೀಣ ರೂಢಿ

ಹಳ್ಳಿಗಳಲ್ಲಿ ಪ್ರಾಣಿಯ ಅಂತ್ಯಸಂಸ್ಕಾರಕ್ಕೆ ಒಂದೇ ಕಟ್ಟಳೆಯಿಲ್ಲ. ಪ್ರಾಣಿ ಯಾವುದು, ಮನೆಗೂ ಊರಿಗೂ ಅದು ಏನಾಗಿತ್ತು ಎಂಬುದರ ಮೇಲೆ ಕ್ರಮ ಬದಲಾಗುತ್ತದೆ.

ದೇವರ ಬಸವನಿಗೆ ಸಲ್ಲುವ ಮರ್ಯಾದೆ ದೊಡ್ಡದು. ಮೈ ತೊಳೆದು, ಅರಿಶಿನ ಕುಂಕುಮ ವಿಭೂತಿ ಹಚ್ಚಿ, ಹೊಸ ಬಟ್ಟೆ ಹೊದಿಸಿ, ಟ್ರ್ಯಾಕ್ಟರಿನಲ್ಲಿಟ್ಟು ತಮಟೆ ಮಂಗಳವಾದ್ಯದೊಂದಿಗೆ ಮೆರವಣಿಗೆ ಮಾಡುತ್ತಾರೆ. ಗುಡಿಯ ಬಳಿ ತೋಡಿದ ಗುಂಡಿಗೆ ಮೂಟೆಗಟ್ಟಲೆ ಕಲ್ಲುಪ್ಪು, ವಿಭೂತಿ, ಬಿಲ್ವಪತ್ರೆ ಹಾಕಿ ಮಣ್ಣು ಎಳೆಯುತ್ತಾರೆ. ಹಾಲುತುಪ್ಪ ಬಿಡುವುದೂ ಹನ್ನೊಂದನೆಯ ದಿನದ ತಿಥಿ ಮಾಡಿ ಊರಿಗೆ ಊಟ ಹಾಕುವುದೂ ಉಂಟು. ಊರೊಳಗೆ ಸತ್ತ ಕೋತಿಯನ್ನು ಆಂಜನೇಯನ ಅಂಶವೆಂದು ಬಗೆದು ಇದೇ ರೀತಿ ಮಣ್ಣು ಮಾಡುತ್ತಾರೆ. ಹೂಳಿದ ಜಾಗದಲ್ಲಿ ಗುಡಿ ಎದ್ದ ಊರುಗಳು ಹಲವು.

ಮನೆಯ ನಾಯಿಗೆ ಇಷ್ಟು ವಿಸ್ತಾರವಿಲ್ಲ. ಹಳೆಯ ಪಂಚೆಯಲ್ಲೋ ಗೋಣಿಚೀಲದಲ್ಲೋ ಸುತ್ತಿ, ತೋಟದ ಮೂಲೆಯಲ್ಲಿ ಅಥವಾ ತೆಂಗಿನ ಬುಡದಿಂದ ಆಚೆಗೆ ಸೊಂಟದ ಆಳದ ಗುಂಡಿ ತೋಡಿ ಇಡುತ್ತಾರೆ. ಹಿಡಿ ಉಪ್ಪು, ಒಂದು ಹೂವು ಹಾಕುತ್ತಾರೆ. ಗುಂಡಿ ಮುಚ್ಚುವಾಗ ಅರ್ಧಕ್ಕೆ ಜಾಲಿ ಮುಳ್ಳಿನ ಕೊಂಬೆಗಳನ್ನು ಹರಡಿ, ಮೇಲೆ ಮಣ್ಣು ತುಳಿದು, ಕೊನೆಗೆ ಚಪ್ಪಡಿಯನ್ನೋ ನಾಲ್ಕು ದಪ್ಪ ಕಲ್ಲನ್ನೋ ಹೇರುತ್ತಾರೆ. ಬೇರೆ ನಾಯಿ, ನರಿಗಳು ಕೆದಕಿ ಎಳೆಯದಿರಲಿ ಎಂದು ಮಾಡಿಕೊಂಡ ಈ ಉಪಾಯವನ್ನು ಮೀರಿಸುವ ವಿಧಾನ ಇಂದಿಗೂ ಹೆಚ್ಚಿಲ್ಲ.

ನಾಯಿಯನ್ನು ಪೂಜಿಸುವ ಊರೂ ಉಂಟು. ಬೆಂಗಳೂರು ದಕ್ಷಿಣ (ಹಿಂದಿನ ರಾಮನಗರ) ಜಿಲ್ಲೆ ಚನ್ನಪಟ್ಟಣ ತಾಲ್ಲೂಕಿನ ಅಗ್ರಹಾರ ವಳಗೆರೆಹಳ್ಳಿಯಲ್ಲಿ ಕೆಂಪಮ್ಮನ ಗುಡಿಯ ಬಳಿ ಎರಡು ನಾಯಿಗಳ ಮೂರ್ತಿಗಳಿರುವ ಗುಡಿಯಿದೆ. ಭೈರವನಿಗೂ ಮೈಲಾರಲಿಂಗನಿಗೂ ನಾಯಿಯ ನಂಟಿರುವುದರಿಂದ ಇಂಥ ಪೂಜೆ ಜನಕ್ಕೆ ಅಪರಿಚಿತವಲ್ಲ.

ಗ್ರಾಮೀಣ ರೂಢಿಯ ಇನ್ನೊಂದು ಮುಖವನ್ನೂ ದಾಖಲಿಸಬೇಕು. ಸತ್ತ ದನವನ್ನು ಹೊತ್ತು ಊರಾಚೆ ಸಾಗಿಸುವ ಕೆಲಸವನ್ನು ಶತಮಾನಗಳ ಕಾಲ ದಲಿತ ಸಮುದಾಯಗಳ ಮೇಲೆ ಹೇರಲಾಗಿತ್ತು. ಅದೇ ಕಾರಣ ತೋರಿಸಿ ಅವರನ್ನು ದೂರವೂ ಇಡಲಾಯಿತು. 1927ರಲ್ಲಿ ಮಹಾಡ್‌ನಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಸತ್ತ ದನದ ಮಾಂಸವನ್ನು ತೊರೆಯಲು ಕರೆಕೊಟ್ಟರು. ಕಳೇಬರ ಹೊರುವ ಬಿಟ್ಟಿ ಚಾಕರಿಯ ವಿರುದ್ಧದ ಹೋರಾಟ ಮುಂದೆ ಕರ್ನಾಟಕದ ದಲಿತ ಚಳವಳಿಗೂ ಸೇರಿತು. ಪ್ರಾಣಿಯ ಹೆಣ ಮುಟ್ಟುವ ಕೆಲಸ ಇಂದು ಸಂಬಳ, ಕೈಗವಸು, ಲಸಿಕೆಗಳಿರುವ ವೃತ್ತಿಯಾಗಬೇಕೆಂಬ ಬೇಡಿಕೆಗೆ ಈ ಇತಿಹಾಸವೇ ಆಧಾರ.

ಆಧುನಿಕ ಪ್ರಾಣಿ ರುದ್ರಭೂಮಿ

ಮನೆಯ ಪ್ರಾಣಿಗೆಂದೇ ಮೀಸಲಾದ ಸಾರ್ವಜನಿಕ ರುದ್ರಭೂಮಿ 19ನೇ ಶತಮಾನದ ಕೊನೆಯಲ್ಲಿ ಯೂರೋಪು, ಅಮೆರಿಕಗಳ ನಗರಗಳಲ್ಲಿ ಹುಟ್ಟಿತು. ಲಂಡನ್ನಿನ ಹೈಡ್ ಪಾರ್ಕಿನಲ್ಲಿ 1881ರಲ್ಲಿ ಚೆರ್ರಿ ಎಂಬ ನಾಯಿಯನ್ನು ಕಾವಲುಗಾರನ ಮನೆಯ ಹಿತ್ತಿಲಲ್ಲಿ ಹೂಳಲು ಅವಕಾಶ ಕೊಟ್ಟರು. ಕ್ರಮೇಣ ಆ ಹಿತ್ತಿಲು ನೂರಾರು ಪುಟ್ಟ ಕಲ್ಲುಗಳಿಂದ ತುಂಬಿತು. ಪ್ಯಾರಿಸ್ ಬಳಿಯ ಆನಿಯೇರ್‌ನ ರುದ್ರಭೂಮಿ 1899ರಲ್ಲಿ ತೆರೆಯಿತು. ಸತ್ತ ಪ್ರಾಣಿಯನ್ನು ಕಂಡಕಂಡಲ್ಲಿ, ಸೇನ್ ನದಿಯಲ್ಲಿ ಎಸೆಯುವುದನ್ನು ತಡೆಯುವ 1898ರ ಕಾನೂನು ಅದಕ್ಕೆ ದಾರಿ ಮಾಡಿತ್ತು.

ಕುಟುಂಬ ವ್ಯವಹಾರದ ಮಾದರಿಗೆ ನ್ಯೂಯಾರ್ಕ್ ರಾಜ್ಯದ ಹಾರ್ಟ್ಸ್‌ಡೇಲ್ ರುದ್ರಭೂಮಿಯನ್ನು ಸಾಮಾನ್ಯವಾಗಿ ಹೆಸರಿಸುತ್ತಾರೆ. 1896ರಲ್ಲಿ ಪಶುವೈದ್ಯ ಸ್ಯಾಮ್ಯುಯೆಲ್ ಜಾನ್ಸನ್ ನಾಯಿ ಕಳೆದುಕೊಂಡು ಹೂಳಲು ಜಾಗವಿಲ್ಲದ ಮಹಿಳೆಯೊಬ್ಬರಿಗೆ ತಮ್ಮ ಸೇಬಿನ ತೋಟದಲ್ಲಿ ಒಂದಿಷ್ಟು ನೆಲ ಕೊಟ್ಟರು. ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ ಕೇಳುವವರು ಹೆಚ್ಚಿದರು, ತೋಟವೇ ರುದ್ರಭೂಮಿಯಾಯಿತು. ಮೊದಲನೆಯ ಮಹಾಯುದ್ಧದಲ್ಲಿ ದುಡಿದ ನಾಯಿಗಳ ಸ್ಮಾರಕ 1923ರಲ್ಲಿ ಅಲ್ಲಿ ಎದ್ದಿತು. 2012ರಲ್ಲಿ ಅದು ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು.

ಭಾರತದಲ್ಲಿ ಈ ಕೆಲಸವನ್ನು ಮೊದಲು ವಹಿಸಿಕೊಂಡವು ಹೆಚ್ಚಾಗಿ ಪ್ರಾಣಿದಯಾ ಸಂಸ್ಥೆಗಳು. 1959ರಲ್ಲಿ ಆರಂಭವಾದ ಚೆನ್ನೈನ ಬ್ಲೂ ಕ್ರಾಸ್ ಅಂಥ ಒಂದು. ಬೆಂಗಳೂರಿನಲ್ಲಿ ಕೆಂಗೇರಿ ಕಡೆ ವನ್ಯಜೀವಿ ಆಸ್ಪತ್ರೆ ನಡೆಸುವ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆ ತನ್ನ ಆವರಣದಲ್ಲೇ ಸಾಕುಪ್ರಾಣಿಗಳನ್ನು ಹೂಳಲು ಜಾಗ ಮಾಡಿತು. ಸುಮನಹಳ್ಳಿಯಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಪ್ರಾಣಿಗಳಿಗೆಂದು ವಿದ್ಯುತ್ ಚಿತಾಗಾರ ನಡೆಸಿತು. ಮುಂಬೈ ಮಹಾನಗರ ಪಾಲಿಕೆ 2023ರಲ್ಲಿ ಮಲಾಡ್‌ನಲ್ಲಿ ಕೊಳವೆ ಅನಿಲದಿಂದ ಉರಿಯುವ ಪ್ರಾಣಿ ಚಿತಾಗಾರ ತೆರೆಯಿತು.

ಹೂಳುವ ವಿಧಾನ

ಪ್ರಾಣ ಹೋದ ಕೆಲವೇ ಗಂಟೆಗಳಲ್ಲಿ ಮೈ ಸೆಟೆದುಕೊಳ್ಳುತ್ತದೆ. ಆದ್ದರಿಂದ ನಾಯಿ ಬೆಕ್ಕುಗಳ ಕಾಲನ್ನು ಮೊದಲೇ ಮಡಿಸಿ, ಮಲಗಿದ ಭಂಗಿಯಲ್ಲಿ ಇಡುತ್ತಾರೆ. ಕೊರಳ ಪಟ್ಟಿ, ಗೆಜ್ಜೆ, ಸರಪಳಿ ಬಿಚ್ಚಿ ಮನೆಯವರಿಗೆ ಕೊಡುತ್ತಾರೆ. ಸುತ್ತಲು ಹತ್ತಿ ಬಟ್ಟೆಯೇ ಸರಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಮಣ್ಣಿನ ಜೀವಾಣುಗಳಿಗೆ ದೇಹ ಸಿಗದೆ ವರ್ಷಗಟ್ಟಲೆ ಕೊಳೆಯದೆ ಉಳಿಯುತ್ತದೆ.

ಸುಣ್ಣ ಹಾಕಿದರೆ ದೇಹ ಬೇಗ ಕರಗುತ್ತದೆ ಎಂಬ ನಂಬಿಕೆ ವ್ಯಾಪಕ. ಪ್ರಯೋಗಗಳು ಇದಕ್ಕೆ ವಿರುದ್ಧವಾದುದನ್ನು ತೋರಿಸಿವೆ: ಸುಣ್ಣ ಕೊಳೆಯುವುದನ್ನು ನಿಧಾನಗೊಳಿಸುತ್ತದೆ. ಅದರ ಪ್ರಯೋಜನ ವಾಸನೆ, ಹುಳು, ಕೆದಕುವ ಪ್ರಾಣಿಗಳನ್ನು ತಡೆಯುವುದರಲ್ಲಿದೆ. ಆಳದ ವಿಷಯದಲ್ಲಿ ಅನುಸರಿಸಬಹುದಾದ ಅಳತೆ 2016ರ ಜೀವವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿದೆ. ಆಸ್ಪತ್ರೆಗಳ ಆಳ ಹೂಳುಗುಂಡಿ ಸುಮಾರು 2 ಮೀಟರ್ ಆಳವಿರಬೇಕು, ತಳಕ್ಕಿಂತ ಕನಿಷ್ಠ 6 ಮೀಟರ್ ಕೆಳಗೆ ಅಂತರ್ಜಲವಿರಬೇಕು, ಪ್ರಾಣಿಗಳು ನುಗ್ಗದಂತೆ ಮೇಲೆ ಜಾಲರಿ ಹಾಕಬೇಕು ಎಂದು ಅವು ಹೇಳುತ್ತವೆ. ಮನೆಯ ನಾಯಿಗೆ ಅಷ್ಟು ಆಳ ಬೇಕಾಗದು; ಆದರೆ ಬಾವಿ, ಕೆರೆ, ಕಾಲುವೆಗಳಿಂದ ದೂರವಿರಬೇಕೆಂಬ ತತ್ವ ಎಲ್ಲ ಕಡೆಗೂ ಅನ್ವಯಿಸುತ್ತದೆ.

ನಗರದ ರುದ್ರಭೂಮಿಗಳಲ್ಲಿ ಜಾಗವನ್ನು ಶಾಶ್ವತವಾಗಿ ಕೊಡುವುದು ಅಪರೂಪ. ಇಂತಿಷ್ಟು ವರ್ಷಕ್ಕೆಂದು ಕೊಟ್ಟು, ಅವಧಿ ಮುಗಿದ ಮೇಲೆ ನವೀಕರಿಸದಿದ್ದರೆ ಅದೇ ಗುಂಡಿಯನ್ನು ಬೇರೆ ಪ್ರಾಣಿಗೆ ಬಳಸುತ್ತಾರೆ. ಮನೆಯವರು ಈ ಕರಾರನ್ನು ದುಃಖದ ಹೊತ್ತಿನಲ್ಲಿ ಓದದೆ ಸಹಿ ಹಾಕುವುದೇ ಹೆಚ್ಚು. ಅದನ್ನು ಬಾಯಿಮಾತಿನಲ್ಲಿ ಬಿಡಿಸಿ ಹೇಳುವುದು ನಡೆಸುವವರ ಹೊಣೆ.

ಸುಡುವ ವಿಧಾನ

ಕಟ್ಟಿಗೆ, ವಿದ್ಯುತ್, ಅನಿಲ ಎಂದು ಚಿತಾಗಾರಗಳು ಮೂರು ಬಗೆ. ಒಳ್ಳೆಯ ಕುಲುಮೆಯಲ್ಲಿ ಎರಡು ಕೋಣೆಗಳಿರುತ್ತವೆ. ಮೊದಲನೆಯದರಲ್ಲಿ ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ದೇಹ ಉರಿಯುತ್ತದೆ. ಎದ್ದ ಹೊಗೆ ಎರಡನೆಯ ಕೋಣೆಯಲ್ಲಿ ಇನ್ನೂ ಹೆಚ್ಚಿನ ಶಾಖದಲ್ಲಿ ಮತ್ತೊಮ್ಮೆ ಉರಿದು, ವಾಸನೆ ಕಳೆದುಕೊಂಡು ಚಿಮಣಿ ಸೇರುತ್ತದೆ. ಎರಡನೆಯ ಕೋಣೆಯಿಲ್ಲದ ಕುಲುಮೆಯೇ ಸುತ್ತಲಿನವರ ದೂರಿಗೆ ಸಾಮಾನ್ಯ ಕಾರಣ. ಕೊನೆಗೆ ಉಳಿಯುವುದು ಮೂಳೆಯ ಸುಣ್ಣದ ಅಂಶ. ದೇಹದ ತೂಕದ ಶೇ. 3–4ರಷ್ಟು ಬೂದಿ ಬರುತ್ತದೆ ಎಂದಿಟ್ಟುಕೊಂಡರೆ 30 ಕಿಲೋ ತೂಗುವ ನಾಯಿ ಕೊನೆಗೆ ಒಂದು ಕಿಲೋದಷ್ಟಾಗಿ, ಮಣ್ಣಿನ ಕುಡಿಕೆಯೊಂದರಲ್ಲಿ ಹಿಡಿಸುತ್ತದೆ.

ಒಂಟಿಯಾಗಿ ಸುಡುವುದು, ಹಲವನ್ನು ಒಟ್ಟಿಗೆ ಸುಡುವುದು ಎಂದು ಎರಡು ಕ್ರಮಗಳಿವೆ. ಬೂದಿ ಕೊಡುವುದು ಮೊದಲನೆಯದರಲ್ಲಿ ಮಾತ್ರ ಅರ್ಥವುಳ್ಳದ್ದು. ಬೂದಿಯನ್ನು ಗಿಡದ ಬುಡಕ್ಕೆ ಹಾಕುವವರೂ ಹೊಳೆಯಲ್ಲಿ ಬಿಡುವವರೂ ಇದ್ದಾರೆ. ಕ್ಷಾರದ ಬಿಸಿ ದ್ರಾವಣದಲ್ಲಿ ದೇಹವನ್ನು ಕರಗಿಸುವ ಜಲಸಂಸ್ಕಾರ ಪಾಶ್ಚಾತ್ಯ ದೇಶಗಳಲ್ಲಿ ಬಳಕೆಗೆ ಬಂದಿದೆ.

ರೋಗ ಮತ್ತು ಎಚ್ಚರ

ನೆರಡಿ (ಆಂಥ್ರಾಕ್ಸ್) ರೋಗದಿಂದ ಸತ್ತ ದನದ ಹೊಟ್ಟೆ ಸೀಳಬಾರದು, ಚರ್ಮ ಸುಲಿಯಬಾರದು. ಗಾಳಿ ತಗುಲಿದೊಡನೆ ಅದರ ರೋಗಾಣುಗಳು ಬೀಜಕಗಳಾಗಿ ಮಣ್ಣಿನಲ್ಲಿ ದಶಕಗಟ್ಟಲೆ ಬದುಕುತ್ತವೆ. ಹುಚ್ಚುನಾಯಿ ರೋಗದ ಶಂಕೆಯಿದ್ದ ನಾಯಿಯ ಜೊಲ್ಲನ್ನು ಬರಿಗೈಯಲ್ಲಿ ಮುಟ್ಟಬಾರದು.

ಕರ್ನಾಟಕಕ್ಕೆ ವಿಶೇಷವಾಗಿ ಸೇರಿದ ಎಚ್ಚರ ಮಂಗನ ಕಾಯಿಲೆಯದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗದಲ್ಲಿ, ಮಂಗ ಸತ್ತೊಡನೆ ಅದರ ಮೈಯಲ್ಲಿದ್ದ ಉಣ್ಣೆಗಳು ಸುತ್ತಲ ನೆಲಕ್ಕೆ ಇಳಿಯುತ್ತವೆ. ಹೆಣದ ಬಳಿ ಬಂದವರನ್ನು ಅವು ಕಚ್ಚುತ್ತವೆ. ಹಾಗಾಗಿ ಆರೋಗ್ಯ ಇಲಾಖೆ ಹೆಣದ ಸುತ್ತ 50 ಮೀಟರ್ ವ್ಯಾಪ್ತಿಯಲ್ಲಿ ಕೀಟನಾಶಕ ಹರಡಿಸಿ, ಮಾದರಿ ತೆಗೆದು ಹೆಣವನ್ನು ಸುಡಿಸುತ್ತದೆ. ಕೋತಿಯನ್ನು ಮೀಯಿಸಿ ಮೆರವಣಿಗೆ ಮಾಡುವ ಬಯಲುಸೀಮೆಯ ಭಕ್ತಿ ಮಲೆನಾಡಿನಲ್ಲಿ ಜೀವಕ್ಕೆ ಅಪಾಯ ತರಬಹುದು.

ಔಷಧಿಯ ಶೇಷವೂ ಮುಖ್ಯ. ಡೈಕ್ಲೋಫೆನಾಕ್ ಕೊಟ್ಟ ದನಗಳ ಹೆಣ ತಿಂದು ರಣಹದ್ದುಗಳು ಅಳಿವಿನಂಚಿಗೆ ಬಂದವು. ಪಶುವೈದ್ಯದಲ್ಲಿ ಅದರ ಬಳಕೆಯನ್ನು ಭಾರತ 2006ರಲ್ಲಿ ನಿಷೇಧಿಸಿತು. ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮವಾಯಿತು. ನೋವಿನಿಂದ ಬಿಡಿಸಲು ಚುಚ್ಚುಮದ್ದು ಕೊಟ್ಟು ದಯಾಮರಣ ಮಾಡಿದ ನಾಯಿಯ ದೇಹವೂ ಅದನ್ನು ತಿಂದ ಹದ್ದು, ನಾಯಿಗಳಿಗೆ ವಿಷವಾಗುತ್ತದೆ. ಅಂಥದ್ದನ್ನು ಬಯಲಿಗೆ ಎಸೆಯಲೇಬಾರದು.

ಆನೆ ಮತ್ತು ವನ್ಯಪ್ರಾಣಿಗಳು

ಮೈಸೂರು ದಸರಾದ ಅಂಬಾರಿಯನ್ನು ಎಂಟು ಬಾರಿ ಹೊತ್ತ ಅರ್ಜುನ ಎಂಬ ಆನೆ 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಅರಣ್ಯ ವಲಯದಲ್ಲಿ ಕಾಡಾನೆಯೊಂದಿಗೆ ಕಾದಾಡಿ ಸತ್ತಿತು. ಸತ್ತ ನೆಲದಲ್ಲೇ, ದಬ್ಬಳ್ಳಿಕಟ್ಟೆಯಲ್ಲಿ, ಶಾಸ್ತ್ರೋಕ್ತ ಪೂಜೆಯ ಬಳಿಕ ಮಣ್ಣು ಮಾಡಿದರು. ಬಳಿಕ ಅಲ್ಲಿ ಸ್ಮಾರಕವೂ ಆಯಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಕಾಡುಪ್ರಾಣಿಯ ಹೆಣ ಸರ್ಕಾರದ ಸ್ವತ್ತು. ಉಗುರು, ಚರ್ಮ ಕಳ್ಳಸಾಗಣೆಗೆ ಸಿಗದಂತೆ ಹುಲಿಯನ್ನು ಹೂಳದೆ ಪೂರ್ತಿ ಸುಡುತ್ತಾರೆ.

ಕಾನೂನು

ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರಾಡಳಿತದ ವಿಷಯಗಳ ಪಟ್ಟಿಯಿದೆ. ಅದರಲ್ಲಿ ರುದ್ರಭೂಮಿ, ಚಿತಾಗಾರಗಳು 14ನೆಯ ವಿಷಯ. ದೊಡ್ಡಿ ಮತ್ತು ಪ್ರಾಣಿಹಿಂಸೆ ತಡೆ 15ನೆಯದು. ಎರಡರ ನಡುವೆ ಬೀಳುವ ಪ್ರಾಣಿ ರುದ್ರಭೂಮಿಯ ಹೆಸರು ಅಲ್ಲಿಲ್ಲ. ಸಾಂಕ್ರಾಮಿಕ ರೋಗದಿಂದ ಸತ್ತ ಪ್ರಾಣಿಗಳ ಕಳೇಬರಕ್ಕೆ 2009ರ ಕೇಂದ್ರ ಕಾಯ್ದೆ ಅನ್ವಯಿಸುತ್ತದೆ. ಖಾಸಗಿಯವರು ಕೃಷಿ ಜಮೀನಿನಲ್ಲಿ ಇಂಥ ವ್ಯವಹಾರ ನಡೆಸಬೇಕಾದರೆ ಕರ್ನಾಟಕ ಭೂಕಂದಾಯ ಕಾಯ್ದೆ 1964ರಂತೆ ಭೂಪರಿವರ್ತನೆ ಬೇಕು. ಕುಲುಮೆ ಇಟ್ಟರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು.

ಕುಟುಂಬ ನಡೆಸುವ ಸೇವೆ

ಕುಟುಂಬದ ವ್ಯವಹಾರದಲ್ಲಿ ಕೆಲಸಗಳು ಮನೆಯವರಲ್ಲೇ ಹಂಚಿಹೋಗುತ್ತವೆ: ರಾತ್ರಿ ಬಂದ ಕರೆಗೆ ಓಗೊಟ್ಟು ವಾಹನ ಒಯ್ಯುವುದು, ಗುಂಡಿ ತೋಡಿಸುವುದು, ಕುಲುಮೆ ನೋಡಿಕೊಳ್ಳುವುದು, ಲೆಕ್ಕ ಬರೆಯುವುದು. ಎಲ್ಲಕ್ಕಿಂತ ಮುಖ್ಯವಾದದ್ದು ದಾಖಲೆ ಪುಸ್ತಕ. ಪ್ರಾಣಿಯ ಹೆಸರು, ತೂಕ, ದಿನಾಂಕ, ಗುಂಡಿಯ ಸಂಖ್ಯೆ ಅದರಲ್ಲಿದ್ದರೆ ಕಲ್ಲು ಬಿದ್ದುಹೋದರೂ ಜಾಗ ಸಿಗುತ್ತದೆ. ಈ ಪದ್ಧತಿಯ ಬಲ ಪರಿಚಯ ಮತ್ತು ತಾಳ್ಮೆ, ದೌರ್ಬಲ್ಯ ಜಮೀನು. ನಗರದಂಚಿನ ಭೂಮಿಗೆ ಬೆಲೆ ಏರಿದಾಗ ಅಥವಾ ಮಕ್ಕಳು ಪಾಲು ಮಾಡಿಕೊಂಡಾಗ ಸಮಾಧಿಗಳು ಮೊದಲು ಅಳಿಯುತ್ತವೆ. ಇದನ್ನು ತಡೆಯಲು ಭೂಮಿಯನ್ನು ಟ್ರಸ್ಟ್‌ಗೆ ಬರೆದುಕೊಡುವ ದಾರಿಯಿದೆ.

ಮುರುಗಮಲ್ಲ ಮತ್ತು ಸುತ್ತಲ ಸೀಮೆ

ಹಳ್ಳಿಯ ರೂಢಿ ಈಗ ಹೇಗಿದೆ ಎಂಬುದಕ್ಕೆ ಒಂದು ಸೀಮೆಯನ್ನು ಉದಾಹರಣೆಯಾಗಿ ನೋಡಬಹುದು. ಚಿಕ್ಕಬಳ್ಳಾಪುರ ಜಿಲ್ಲೆ ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲ ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೂ ಮುಕ್ತೀಶ್ವರ ಗುಡಿಗೂ ಹೆಸರಾದ ಊರು. ಹೈನುಗಾರಿಕೆ ಮತ್ತು ರೇಷ್ಮೆಯ ಈ ಸೀಮೆಯಲ್ಲಿ ಅಂತ್ಯಸಂಸ್ಕಾರದ ಪ್ರಶ್ನೆ ಹೆಚ್ಚಾಗಿ ಏಳುವುದು ಹಸುವಿನ ವಿಷಯದಲ್ಲಿ. ವಿಮೆ ಮಾಡಿಸಿದ ಹಸು ಸತ್ತರೆ ತಕ್ಷಣ ಹೂಳುವಂತಿಲ್ಲ. ಪಶುವೈದ್ಯರು ಬಂದು ಮರಣೋತ್ತರ ಪರೀಕ್ಷೆ ಮಾಡಬೇಕು, ಕಿವಿಯ ಓಲೆ ಕಾಣುವಂತೆ ಫೋಟೊ ತೆಗೆಯಬೇಕು. ಓಲೆಯಿಲ್ಲದೆ ವಿಮೆಯ ಹಣ ಬರುವುದಿಲ್ಲ. ಅಲ್ಲಿಯವರೆಗೆ ಹಸುವಿನ ಮೇಲೆ ಟಾರ್ಪಾಲು ಹೊದಿಸಿ, ಮನೆಯವರು ನಾಯಿ ಕಾಗೆ ಓಡಿಸುತ್ತಾ ಕೂರುತ್ತಾರೆ. ಗರಸು ಬೆರೆತ ಕೆಮ್ಮಣ್ಣಿಗೆ ಗುದ್ದಲಿ ಇಳಿಯದು, ಜೆಸಿಬಿ ಕರೆಸುವುದು ವಾಡಿಕೆ.

ಈ ಜಿಲ್ಲೆಯಲ್ಲಿ ಅಂತರ್ಜಲ ಬಹಳ ಆಳಕ್ಕೆ ಇಳಿದಿದ್ದರಿಂದ ಹೂಳುವುದರಿಂದ ನೀರು ಕೆಡುವ ಭಯ ಕಡಿಮೆ ಎಂಬ ಭಾವನೆಯಿತ್ತು. ಬೆಂಗಳೂರಿನ ಸಂಸ್ಕರಿತ ನೀರನ್ನು ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ಮೂಲಕ ಜಿಲ್ಲೆಯ ಕೆರೆಗಳಿಗೆ ತುಂಬಿಸತೊಡಗಿದ ಮೇಲೆ ಆ ಲೆಕ್ಕ ಬದಲಾಗಿದೆ. ಬತ್ತಿದ್ದ ಕೆರೆಯಂಗಳದಲ್ಲಿ ಸತ್ತ ದನ ಹೂಳುವ ಹಳೆಯ ಅಭ್ಯಾಸವನ್ನು ನೀರು ತುಂಬುವ ಕೆರೆಗಳಲ್ಲಿ ಬಿಡಲೇಬೇಕು. ಎತ್ತರದ ಗೋಮಾಳದ ಅಂಚು ಅದಕ್ಕಿಂತ ಸೂಕ್ತ.

ಈಗಿನ ಸ್ಥಿತಿ

2022ರಲ್ಲಿ ಬಂದ ‘777 ಚಾರ್ಲಿ’ ಚಲನಚಿತ್ರದ ಬಳಿಕ ನಾಯಿ ಕಳೆದುಕೊಂಡವರ ದುಃಖವನ್ನು ಕುರಿತು ಕನ್ನಡದಲ್ಲಿ ಬಹಿರಂಗವಾಗಿ ಮಾತಾಡುವುದು ಹೆಚ್ಚಿತು. ಅಪಾರ್ಟ್‌ಮೆಂಟ್‌ಗಳಲ್ಲಿ ನಾಯಿ ಸಾಕುವವರಿಗೆ ಹೂಳಲು ಹಿತ್ತಿಲಿಲ್ಲ. ಬೆಂಗಳೂರಿನಲ್ಲಿ ಒಂಟಿ ದಹನ, ಮನೆಯಿಂದ ಸಾಗಣೆ, ಪೂಜೆ, ಬೂದಿಯ ಕುಡಿಕೆ ಸೇರಿಸಿ ಒದಗಿಸುವ ಖಾಸಗಿ ಸೇವೆಗಳು ಬೆಳೆದಿವೆ. 2025ರ ಸೆಪ್ಟೆಂಬರ್‌ನಲ್ಲಿ, ಸುಮನಹಳ್ಳಿಯ ಚಿತಾಗಾರ ನಡೆಸಿದ್ದ ಬಿಬಿಎಂಪಿಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ಬಂದವು. ಸಣ್ಣ ಊರುಗಳಲ್ಲಿ ಈ ಕೆಲಸ ಇಂದಿಗೂ ಹೊಲವಿದ್ದವರಿಗೆ ಸುಲಭ. ಬಾಡಿಗೆ ಮನೆಯಲ್ಲಿರುವವರು ಪರಿಚಯದ ರೈತರ ಬದುವಿನಲ್ಲಿ ಮೂರು ಅಡಿ ಜಾಗ ಕೇಳಿಕೊಂಡು ಹೋಗುತ್ತಾರೆ.